ದೂರ ಹೋದವರ ಮನೆ ಯಾವುದು?

ಮಗಳೋ ಸೊಸೆಯೋ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಕುಟುಂಬಗಳು ಈಗ ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವಲ್ಲ. ಪ್ರಿಯ ಓದುಗರೇ, ನಿಮ್ಮದೂ ಅಂಥ ಕುಟುಂಬವಾಗಿದ್ದರೆ ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಎಂದಾದರೊಂದು ದಿನ ಫೋನಿನಲ್ಲಿ ನಿಮ್ಮ ಕಿವಿಗೂ ಬೀಳಬಹುದು. ಮೇಲುನೋಟಕ್ಕೆ ಅದು ತೆರಿಗೆಯ ಪ್ರಶ್ನೆ. ಹಾಗಿದ್ದೂ ಕುಟುಂಬದ ಪುಟದಲ್ಲಿ ಅದಕ್ಕೆ ಏಕೆ ಜಾಗ ಎಂಬುದು ಓದುತ್ತಾ ನಿಮಗೇ ತಿಳಿಯುತ್ತದೆ.

ಸಂಗತಿ ಹೀಗೆ. ಗಂಡ ಹೆಂಡತಿ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಇಲ್ಲಿ ಊರಿನಲ್ಲಿ ಗಂಡನ ತಾಯಿ ಹಾಸಿಗೆ ಹಿಡಿಯುತ್ತಾರೆ. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಮಗ ಮೊದಲು ರಜೆ ಹಾಕಿ, ರಜೆ ಮುಗಿದ ಮೇಲೆ ಕೆಲಸವನ್ನೂ ಬಿಟ್ಟು, ಏಳೆಂಟು ತಿಂಗಳು ಊರಿನಲ್ಲೇ ಉಳಿಯುತ್ತಾನೆ. ಅಲ್ಲಿ ಹೆಂಡತಿಯ ಒಂದೇ ಸಂಬಳದಲ್ಲಿ ಬಾಡಿಗೆ, ಚಳಿಗಾಲದ ಗ್ಯಾಸಿನ ಬಿಲ್ಲು, ಊರಿಗೆ ಕಳಿಸುವ ಔಷಧಿಯ ಹಣ ಎಲ್ಲವೂ ಸಾಗಬೇಕು. ಆಗ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಯಾರೋ ಹೇಳುತ್ತಾರೆ: "ಈಗ ಮನೆಯಲ್ಲಿ ನೀನೊಬ್ಬಳೇ ಅಲ್ಲವೇ? ಕೌನ್ಸಿಲ್‌ಗೆ ತಿಳಿಸು, ಕಾಲು ಭಾಗ ತೆರಿಗೆ ಇಳಿಯುತ್ತದೆ."

ಕೌನ್ಸಿಲ್ ತೆರಿಗೆ ಎಂದರೆ ನಮ್ಮ ನಗರಸಭೆಯ ಮನೆ ಕಂದಾಯದ ಹಾಗೆಯೇ. ಆದರೆ ಸಾಮಾನ್ಯವಾಗಿ ಅದನ್ನು ಕಟ್ಟಬೇಕಾದವರು ಮನೆಯಲ್ಲಿ ವಾಸಿಸುವವರು, ಬಾಡಿಗೆದಾರರಿಗೂ ತಪ್ಪಿದ್ದಲ್ಲ. 1990ರಲ್ಲಿ ಥ್ಯಾಚರ್ ಸರ್ಕಾರ ಇಂಗ್ಲೆಂಡಿನಲ್ಲಿ ತಲೆಗಿಷ್ಟು ಎಂದು ಹಾಕಿದ ಪೋಲ್ ಟ್ಯಾಕ್ಸ್ ಜನರನ್ನು ಬೀದಿಗೆ ಇಳಿಸಿತು. ಅದನ್ನು ತೆಗೆದುಹಾಕಿ 1993ರ ಏಪ್ರಿಲ್‌ನಿಂದ ಈ ತೆರಿಗೆಯನ್ನು ತಂದರು. ಅಲ್ಲಿ ಮನೆಗಳಿಗೆ 'ಎ' ಇಂದ 'ಎಚ್' ತನಕ ಎಂಟು ದರ್ಜೆಗಳಿವೆ. 2024-25ರಲ್ಲಿ ಇಂಗ್ಲೆಂಡಿನ 'ಡಿ' ದರ್ಜೆಯ ಮನೆಗೆ ಸರಾಸರಿ ತೆರಿಗೆ 2,171 ಪೌಂಡ್. ಮನೆಯಲ್ಲಿ ಒಬ್ಬರೇ ವಯಸ್ಕರು ವಾಸವಿದ್ದರೆ ಶೇಕಡಾ 25 ರಿಯಾಯಿತಿ. ಅಂದರೆ ವರ್ಷಕ್ಕೆ 540 ಪೌಂಡಿಗಿಂತ ಸ್ವಲ್ಪ ಹೆಚ್ಚು. ಒಬ್ಬಳ ದುಡಿಮೆಯಲ್ಲಿ ನಡೆಯುವ ಮನೆಗೆ ಇದು ದೊಡ್ಡ ಮೊತ್ತವೇ.

ವಿದ್ಯಾರ್ಥಿಗಳಂಥ ಕೆಲವರು ಮನೆಯಲ್ಲಿದ್ದರೂ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಂತ ಆಸ್ತಿ, ಆದಾಯ ಇಲ್ಲದೆ ಪ್ರಾರ್ಥನೆಗೂ ಸೇವೆಗೂ ಮುಡಿಪಾದ ಧಾರ್ಮಿಕ ಸಭೆಗಳ ಸದಸ್ಯರೂ ಆ ಪಟ್ಟಿಯಲ್ಲಿದ್ದಾರೆ ಎಂದು ತಿಳಿದು ನನಗೆ ಸಂತೋಷವಾಯಿತು. ಆದರೆ ತಾಯಿಯ ಆರೈಕೆಗಾಗಿ ಸಮುದ್ರ ದಾಟಿ ಹೋದ ಮಗನ ಹೆಸರು ಅದರಲ್ಲಿಲ್ಲ.

ಹಾಗಾದರೆ ಆ ಮನೆಯಲ್ಲಿ ಈಗ ವಾಸಿಸುವವರು ಎಷ್ಟು ಮಂದಿ? ಕಾನೂನು ಈ ಪ್ರಶ್ನೆಯನ್ನು ಕೇಳುವ ರೀತಿಯೇ ಬೇರೆ. ರಾತ್ರಿ ಯಾರು ಎಲ್ಲಿ ಮಲಗಿದರು ಎಂದು ಅದು ಎಣಿಸುವುದಿಲ್ಲ; ಯಾರ ಏಕೈಕ ಅಥವಾ ಮುಖ್ಯ ವಾಸಸ್ಥಳ ಯಾವುದು ಎಂದು ಕೇಳುತ್ತದೆ. ಪೋಲ್ ಟ್ಯಾಕ್ಸಿನ ಕಾಲದಲ್ಲೂ ಮಾತು ಇದೇ ಆಗಿತ್ತು. ಬ್ರಾಡ್‌ಫರ್ಡಿನ ಒಬ್ಬ ನಾವಿಕ ವರ್ಷದ ಬಹುಪಾಲು ಹಡಗಿನಲ್ಲೇ ಕಳೆಯುತ್ತಿದ್ದ. ಆದರೂ ಹೆಂಡತಿ ಇರುವ ಮನೆಯೇ ಅವನ ಮನೆ ಎಂದು 1991ರಲ್ಲಿ ನ್ಯಾಯಾಲಯ ಹೇಳಿತು. ಸೌದಿ ಅರೇಬಿಯಾದಲ್ಲಿ ದುಡಿಯುತ್ತಾ, ಕಂಪನಿ ಕೊಟ್ಟ ಬಿಡಾರದಲ್ಲಿದ್ದ ಇನ್ನೊಬ್ಬನ ವಿಷಯದಲ್ಲೂ ಅವನ ಮುಖ್ಯ ವಾಸಸ್ಥಳ ಇಂಗ್ಲೆಂಡಿನ ಹಲ್ ನಗರದಲ್ಲಿದ್ದ ಮನೆಯೇ ಎಂದಾಯಿತು. ಸಂಗತಿಗಳೆಲ್ಲ ತಿಳಿದಿರುವ ಒಬ್ಬ ವಿವೇಕಿ ನೋಡಿದರೆ ಯಾವುದನ್ನು ಆತನ ಮನೆ ಎನ್ನುತ್ತಾನೋ ಅದೇ ಮನೆ ಎಂಬ ಅಳತೆಗೋಲನ್ನು 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಗಲ್ಫಿಗೆ ಗಂಡಂದಿರನ್ನು ಕಳಿಸಿಕೊಟ್ಟ ನಮ್ಮ ಕರಾವಳಿಯ ಹೆಂಗಸರಿಗೆ ಇದನ್ನು ಯಾವ ನ್ಯಾಯಾಧೀಶರೂ ಹೇಳಿಕೊಡಬೇಕಾಗಿಲ್ಲ. ಅವರನ್ನು ಕೇಳಿ ನೋಡಿ: "ನಮ್ಮ ಮನೆಯವರು ದುಬೈನಲ್ಲಿದ್ದಾರೆ" ಎನ್ನುತ್ತಾರೆ. "ಮನೆಯವರು" ಎಂಬ ಆ ಮಾತು ಹತ್ತು ವರ್ಷವಾದರೂ ಬದಲಾಗುವುದಿಲ್ಲ.

ನಮ್ಮ ಧರ್ಮಸಭೆಯ ಕಾನೂನೂ ಇದೇ ಜಾಡಿನಲ್ಲಿ ಯೋಚಿಸುತ್ತದೆ. ಮದುವೆಯ ಕಾಗದಪತ್ರ ಮಾಡಿಸುವಾಗ, ನೀವು ಯಾವ ಧರ್ಮಕೇಂದ್ರಕ್ಕೆ ಸೇರಿದವರು ಎಂದು ವಿಚಾರಣಾ ಗುರುಗಳು ಕೇಳುತ್ತಾರಲ್ಲವೇ? 1983ರ ಕಾನೂನು ಸಂಹಿತೆಯ ಪ್ರಕಾರ, ಒಂದು ಕಡೆ ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ವಾಸ ಮಾಡಿದರೆ, ಇಲ್ಲವೇ ಐದು ವರ್ಷ ತುಂಬಾ ವಾಸವಾಗಿದ್ದರೆ ಅದು ನಿಮ್ಮ ನೆಲೆ. ಆ ನೆಲೆ ತಪ್ಪಿಹೋಗುವುದು ಯಾವಾಗ? ಮರಳಿ ಬರುವುದಿಲ್ಲ ಎಂಬ ಉದ್ದೇಶದಿಂದ ಹೊರಟಾಗ. ಬರೀ ಹೊರಟುಹೋದರೆ ಸಾಲದು. ಗಂಡ ಹೆಂಡತಿಗೆ ಒಂದೇ ನೆಲೆ ಇರಲಿ ಎಂದೂ, ನ್ಯಾಯವಾದ ಕಾರಣವಿದ್ದರೆ ಬೇರೆ ಬೇರೆ ಇರಬಹುದೆಂದೂ ಅದೇ ಸಂಹಿತೆ ಹೇಳುತ್ತದೆ. ಕಾಲು ನಡೆದ ದೂರಕ್ಕಿಂತ ಮನಸ್ಸು ಹಿಡಿದುಕೊಂಡ ದಾರಿಗೆ ಇಲ್ಲಿ ಹೆಚ್ಚು ತೂಕ.

ಇನ್ನು ಆ ಹೆಂಡತಿಯ ವಿಷಯಕ್ಕೆ ಬರೋಣ. ಗಂಡನ ಬಟ್ಟೆಗಳು ಅಲ್ಲಿಯ ಕಪಾಟಿನಲ್ಲಿವೆ. ಅವನ ಹೆಸರು ಅಲ್ಲಿಯ ವೈದ್ಯರ ಪಟ್ಟಿಯಲ್ಲಿದೆ. ಭಾರತೀಯರಿಗೆ ಕಾಮನ್‌ವೆಲ್ತ್ ಪ್ರಜೆಗಳೆಂದು ಅಲ್ಲಿ ಮತದ ಹಕ್ಕು ಇರುವುದರಿಂದ ಮತದಾರರ ಪಟ್ಟಿಯಲ್ಲೂ ಇರಬಹುದು. ವೀಸಾ ಅರ್ಜಿಯಲ್ಲಿ "ನಾವು ದಂಪತಿ, ಕೂಡಿ ಬಾಳುವವರು" ಎಂದು ಇಬ್ಬರೂ ಸಹಿ ಹಾಕಿದ್ದಾರೆ. ಈಗ ಇನ್ನೊಂದು ಫಾರಂನಲ್ಲಿ "ಈ ಮನೆ ನನ್ನೊಬ್ಬಳದು, ಅವರದು ಬೇರೆ ಕಡೆ" ಎಂದು ಬರೆಯಬೇಕು. ಎರಡು ಕಚೇರಿಗಳು, ಎರಡು ಕಾಗದಗಳು. ಯಾರಿಗೆ ಗೊತ್ತಾಗುತ್ತದೆ ಎನ್ನುವಿರಾ? ರಿಯಾಯಿತಿ ಪಡೆದವರ ಹೆಸರುಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುವ ಪದ್ಧತಿ ಅಲ್ಲಿ ಇದೆ. ಸಿಕ್ಕಿಬೀಳುವ ಭಯವನ್ನು ಬದಿಗಿಟ್ಟರೂ, ತನ್ನ ದಾಂಪತ್ಯದ ಬಗ್ಗೆ ತಾನೇ ಎರಡು ಮಾತು ಹೇಳುವುದು ನನಗೆ 540 ಪೌಂಡಿಗಿಂತ ದುಬಾರಿಯಾಗಿ ಕಾಣುತ್ತದೆ.

ನಮ್ಮಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಅಕ್ಕಿ ತಲೆಗಿಷ್ಟು ಕಿಲೋ ಎಂದು ಬರುವುದರಿಂದ, ಬೇರೆ ಊರಿಗೆ ಹೋಗಿ ನೆಲೆಸಿದ ಮಗನ ಹೆಸರನ್ನೂ ರೇಷನ್ ಕಾರ್ಡಿನಲ್ಲಿ ಉಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅಲ್ಲಿ ಇದ್ದವರನ್ನು ಇಲ್ಲವೆನ್ನುವುದು, ಇಲ್ಲಿ ಇಲ್ಲದವರನ್ನು ಇದ್ದಾರೆನ್ನುವುದು!

ಸರ್ಕಾರದ ದುಡ್ಡು ತಾನೇ, ಅದರಲ್ಲಿ ಪಾಪವೇನು ಎಂದು ಕೆಲವರಾದರೂ ಕೇಳುತ್ತಾರೆ. ತೆರಿಗೆಯ ಕಾನೂನು ಬರೀ ದಂಡದ ಕಾನೂನು, ಸಿಕ್ಕಿಬಿದ್ದರೆ ದಂಡ ಕಟ್ಟಲು ಸಿದ್ಧನಿದ್ದರೆ ಸಾಕು ಎಂದು ಹಿಂದಿನ ಶತಮಾನಗಳ ಕೆಲವು ನೀತಿಶಾಸ್ತ್ರಜ್ಞರೂ ವಾದಿಸಿದ್ದುಂಟು. ಆ ವಾದಕ್ಕೆ ಈಗ ಬಲವಿಲ್ಲ. ನ್ಯಾಯವಾದ ತೆರಿಗೆಯನ್ನು ವಂಚನೆಯಿಂದ ತಪ್ಪಿಸಿಕೊಳ್ಳುವವರನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೆಸರೆತ್ತಿಯೇ ಖಂಡಿಸಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ತೆರಿಗೆ ವಂಚನೆಯನ್ನು ಏಳನೆಯ ಆಜ್ಞೆಯ ಕೆಳಗೆ, ಅಂದರೆ ಕಳ್ಳತನದ ಸಾಲಿನಲ್ಲೇ ಸೇರಿಸಿದೆ. ಕೌನ್ಸಿಲ್ ತೆರಿಗೆಯ ವಿಷಯದಲ್ಲಿ ಕಾರಣ ಕಣ್ಣಿಗೇ ಕಾಣುತ್ತದೆ. ಕಸ ಎತ್ತುವುದು, ಗ್ರಂಥಾಲಯ, ಬೀದಿದೀಪ ಇವುಗಳ ಜೊತೆಗೆ ಒಂಟಿ ವೃದ್ಧರ, ಅಂಗವಿಕಲರ ಆರೈಕೆಗೂ ಕೌನ್ಸಿಲ್ ಈ ಹಣದಿಂದಲೇ ಖರ್ಚು ಮಾಡಬೇಕು. ಇಲ್ಲಿ ಮಗ ತನ್ನ ತಾಯಿಯನ್ನು ಎತ್ತಿ ಕೂರಿಸುತ್ತಿರುವ ಹೊತ್ತಿನಲ್ಲಿ ಅಲ್ಲಿ ಯಾರದೋ ತಾಯಿಗೆ ಬೆಳಗಿನ ಸ್ನಾನ ಮಾಡಿಸಲು ಬರುವ ಹೆಣ್ಣುಮಗಳ ಕೂಲಿಯಲ್ಲೂ ಈ ಹಣದ ಪಾಲಿದೆ.

ದೇವಾಲಯದ ತೆರಿಗೆಯ ಪ್ರಸಂಗ ನಿಮಗೆ ನೆನಪಿರಬಹುದು. ಮಕ್ಕಳು ತೆರಿಗೆ ಕಟ್ಟಬೇಕಾಗಿಲ್ಲ ಎಂದು ಪೇತ್ರನಿಗೆ ಮೊದಲು ತಿಳಿಸಿಕೊಟ್ಟು, ಆಮೇಲೆ ಯೇಸುಸ್ವಾಮಿ ಇಬ್ಬರ ಪಾಲನ್ನೂ ಮೀನಿನ ಬಾಯಿಯ ನಾಣ್ಯದಿಂದ ಕಟ್ಟಿಸಿದರು. ವಿನಾಯಿತಿ ಎಂಬುದೊಂದಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನಾವೂ ಮುಚ್ಚಿಡಬೇಕಾಗಿಲ್ಲ. ಗಂಡ ನಿಜವಾಗಿಯೂ ಬೇರೆ ಕಡೆ ನೆಲೆಸಿದ್ದರೆ, ಮರಳಿ ಬರುವ ಮಾತೇ ಇಲ್ಲದಿದ್ದರೆ, ಆ ಶೇಕಡಾ 25 ಹೆಂಡತಿಯ ಹಕ್ಕು. ಅದನ್ನು ಕೇಳಲು ನಾಚಿಕೆಪಟ್ಟು ಮಕ್ಕಳ ಊಟದಲ್ಲಿ ಕಡಿಮೆ ಮಾಡುವುದನ್ನು ಯಾರೂ ಪುಣ್ಯ ಎನ್ನಲಾರರು. ಸಂದೇಹವಿದ್ದಾಗ ಇದ್ದ ಸಂಗತಿಯನ್ನು ಇದ್ದ ಹಾಗೆ ಬರೆದು ಕೌನ್ಸಿಲ್‌ಗೇ ಕೇಳಬಹುದು: ಪತಿ ಇಂಥ ದಿನ ಇಂಥ ಕಾರಣಕ್ಕೆ ಹೋದರು, ಇಂಥ ತಿಂಗಳು ಬರುವ ಯೋಚನೆ ಇದೆ, ಇದಕ್ಕೆ ರಿಯಾಯಿತಿ ಉಂಟೇ ಎಂದು. ಅವರು ಉಂಟು ಎಂದರೆ ತೆಗೆದುಕೊಂಡದ್ದರಲ್ಲಿ ದೋಷವಿಲ್ಲ. ಇಲ್ಲ ಎಂದರೆ, ಅದು ತಪ್ಪೆಂದು ಅನ್ನಿಸಿದರೆ, ಇದಕ್ಕಾಗಿಯೇ ಇರುವ ನ್ಯಾಯಮಂಡಳಿಗೆ ಹೋಗಬಹುದು. ತೀರಾ ಕಷ್ಟದಲ್ಲಿರುವವರಿಗೆ ತೆರಿಗೆ ಇಳಿಸಿಕೊಡುವ ವಿವೇಚನಾಧಿಕಾರವೂ ಕೌನ್ಸಿಲ್‌ಗೆ ಇದೆ; ಕಂತು 10ರ ಬದಲು 12 ಮಾಡಿಸಿಕೊಳ್ಳಲೂ ಬರುತ್ತದೆ. ಸತ್ಯ ಹೇಳಿಯೂ ಸಿಗುವ ಈ ಸಹಾಯಗಳ ಸುದ್ದಿಯನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾರೂ ಹೇಳುವುದಿಲ್ಲ ಎಂಬುದೇ ಬೇಸರ.

ಕಷ್ಟವಾಗುವುದು ನಡುವಿನ ಸ್ಥಿತಿ. ತಾಯಿ ತೀರಿಕೊಂಡ ಮೇಲೂ ಗಂಡ ಟಿಕೆಟ್ ಮಾಡಿಸುವುದಿಲ್ಲ. ಮೊದಲು ನಲವತ್ತನೇ ದಿನದ ಪೂಜೆ ಆಗಲಿ ಎನ್ನುತ್ತಾನೆ, ನಂತರ ತೋಟದ ಪಾಲು ಇತ್ಯರ್ಥವಾಗಲಿ ಎನ್ನುತ್ತಾನೆ. ಅವನಿಗೆ ಊರು ಹಿಡಿಸಿಬಿಟ್ಟಿದೆ. ಹೆಂಡತಿಗೂ ಒಳಗೊಳಗೆ ಅದು ಗೊತ್ತು, ಆದರೆ ಕೇಳಲು ಧೈರ್ಯವಿಲ್ಲ. ಉದ್ದೇಶ ಬದಲಾದ ದಿನ ಯಾವುದು ಎಂದು ಇಬ್ಬರಿಗೂ ಹೇಳಲಾಗದು. ಅಂಥ ಮನೆಗೆ ತೆರಿಗೆಯ ಫಾರಂ ಬಂದಾಗ ಅದರಲ್ಲಿರುವ "ಇಲ್ಲಿ ವಾಸಿಸುವ ವಯಸ್ಕರು ಎಷ್ಟು?" ಎಂಬ ಪ್ರಶ್ನೆ, ಅವರು ಒಬ್ಬರನ್ನೊಬ್ಬರು ಕೇಳದೆ ಬಿಟ್ಟ ಪ್ರಶ್ನೆಯೇ ಆಗಿರುತ್ತದೆ. ಅದನ್ನು ಅವಳೊಬ್ಬಳೇ ತುಂಬಲು ಬರುವುದಿಲ್ಲ. ಮೊದಲು ಅವನಿಗೆ ಫೋನ್ ಮಾಡಬೇಕು. ಇಂಗ್ಲೆಂಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಎಂಟಕ್ಕೆ ಮನೆ ಸೇರಿದರೆ ಇಲ್ಲಿ ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಮನೆಯವರೆಲ್ಲ ಊಟಕ್ಕೆ ಕೂತಿರುತ್ತಾರೆ, ಅದು ಈ ಮಾತಿಗೆ ಸಮಯವಲ್ಲ. ರಜೆಯ ದಿನ ನೋಡಿ, ಅವನು ಒಬ್ಬನೇ ಇರುವ ಹೊತ್ತಿನಲ್ಲಿ ಮಾಡಲಿ.