ಜವಾಬು ಕೊಡುವವರು

ಕುರುಬರಹಳ್ಳಿಯಲ್ಲಿ ಮನೆ ಮಾಡಿದವರಿಗೆ ಒಂದು ಪೀಕಲಾಟ ತಪ್ಪಿದ್ದಲ್ಲ. ನಮ್ಮ ವಿಳಾಸದಲ್ಲಿ ಜೆ.ಸಿ. ನಗರ ಎಂದು ಬರುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ಜೆ.ಸಿ. ನಗರವಿದೆ, ಅದು ಮುನಿರೆಡ್ಡಿಪಾಳ್ಯದ ಕಡೆಯದು, ಊರಿನ ಇನ್ನೊಂದು ಮಗ್ಗುಲು. ನಮ್ಮ ಪಿನ್ ಕೋಡ್ 560086, ಅವರದು 560006. ಒಂದೇ ಒಂದು ಅಂಕಿಯ ವ್ಯತ್ಯಾಸ. ಕಾಗದಗಳ ಕಾಲದಲ್ಲಿ ನಮ್ಮ ಪತ್ರ ಅಲ್ಲಿಗೆ ಹೋದರೆ ಎರಡು ದಿನ ತಡವಾಗಿ, ಎರಡು ಠಸ್ಸೆ ಹೆಚ್ಚು ಹೊಡೆಸಿಕೊಂಡು ನಮಗೆ ತಲುಪುತ್ತಿತ್ತು. ಅದಕ್ಕಾಗಿ ಯಾರ ಸಂಬಳವೂ ಕಡಿತವಾಗುತ್ತಿರಲಿಲ್ಲ. ಈಗ ಹುಡುಗನೊಬ್ಬ ಬೈಕಿನಲ್ಲಿ ಅಲ್ಲಿಗೆ ಹೋಗಿ, ಯಾರದೋ ಬಾಗಿಲು ತಟ್ಟಿ, ಬೈಸಿಕೊಂಡು, ಬೆವರು ಒರೆಸುತ್ತ ನಮ್ಮಲ್ಲಿಗೆ ಬಂದು "ಮ್ಯಾಪ್ ಅಲ್ಲೇ ತೋರಿಸ್ತು ಸರ್" ಅನ್ನುತ್ತಾನೆ.

ಈ 'ಮ್ಯಾಪ್ ತೋರಿಸ್ತು' ಎಂಬ ಮಾತಿನ ಇನ್ನೊಂದು ತುದಿಯಲ್ಲಿ ಕೂತ ಮನುಷ್ಯನೊಬ್ಬ ನಮ್ಮ ಮಾಳಿಗೆಯ ಕೋಣೆಯಲ್ಲೇ ಬಾಡಿಗೆಗಿದ್ದಾನೆ ಎಂಬುದು ನಮಗೆ ತಡವಾಗಿ ತಿಳಿಯಿತು. ಹಾವೇರಿ ಕಡೆಯ ಹುಡುಗ. ಕೆಲಸವೇನಪ್ಪ ಎಂದಾಗ 'ಸಾಫ್ಟ್‌ವೇರ್ ಸಪೋರ್ಟ್' ಎಂದಿದ್ದ. ಬೆಂಗಳೂರಿನಲ್ಲಿ ಈ ಉತ್ತರ ಕೇಳಿದ ಮೇಲೆ ಮುಂದೆ ಕೇಳುವವರು ಯಾರು? ಒಂದು ಸಂಜೆ ಇಫ್ತಾರಿಗೆ ಕರೆದಾಗ ತಾನಾಗಿ ವಿವರಿಸಿದ. ಸಾಮಾನು ತಲುಪಿಸುವ ಕಂಪನಿಗಳು ಒಂದು ತಂತ್ರಾಂಶ ಇಟ್ಟುಕೊಂಡಿರುತ್ತವೆ. ಬೆಳಗ್ಗೆ ಗೋದಾಮಿನಲ್ಲಿ ನಾನೂರು ಪೆಟ್ಟಿಗೆ, ಎಂಟು ಗಾಡಿ ಇದ್ದರೆ ಯಾವ ಪೆಟ್ಟಿಗೆ ಯಾವ ಗಾಡಿಗೆ, ಯಾವ ಮನೆಗೆ ಮೊದಲು, ಯಾವ ರಸ್ತೆ ಹಿಡಿದು ಎಂಬುದನ್ನೆಲ್ಲ ಅದು ಲೆಕ್ಕ ಹಾಕಿ ಚಾಲಕನ ಮೊಬೈಲಿಗೆ ಕಳಿಸುತ್ತದೆ. ತಂತ್ರಾಂಶ ಕೊಂಡವರಿಗೆ ತೊಡಕಾದರೆ ಫೋನು ಇವನಿಗೆ. ಪ್ರತಿ ದೂರಿಗೂ ಒಂದು ನಂಬರು. ಅದರ ಹೆಸರು ಟಿಕೆಟ್. ದಿನ ಮುಗಿಯುವುದರೊಳಗೆ ಇಂತಿಷ್ಟು ಟಿಕೆಟ್ ಮುಚ್ಚಬೇಕು. "ಬಗೆಹರಿಸೋದಲ್ಲ ಸರ್, ಮುಚ್ಚೋದು" ಎಂದು ಖರ್ಜೂರ ಬಾಯಿಗಿಟ್ಟುಕೊಂಡು ನಕ್ಕಿದ್ದ.

ಆ ನಗು 2024ರ ಅಕ್ಟೋಬರಿನ ಒಂದು ರಾತ್ರಿ ಅವನ ಮುಖದಲ್ಲಿ ಇರಲಿಲ್ಲ. ಆ ತಿಂಗಳ ಮಳೆ ಇಡೀ ಬೆಂಗಳೂರಿಗೆ ನೆನಪಿದೆ. ಆದರೆ ಕುರುಬರಹಳ್ಳಿಯವರಿಗೆ ಅಕ್ಟೋಬರ್ ಮಳೆ ಎಂದರೆ ಬೇರೆಯೇ ಭಯ. 2017ರ ಅಕ್ಟೋಬರ್ 13ರ ರಾತ್ರಿ ಇಲ್ಲಿಯೂ ಅಕ್ಕಪಕ್ಕದ ಬಡಾವಣೆಗಳಲ್ಲಿಯೂ ರಾಜಕಾಲುವೆ ಉಕ್ಕಿತ್ತು. ಸೆಳವಿಗೆ ಸಿಕ್ಕವರಲ್ಲಿ ಒಬ್ಬ ಅರ್ಚಕರಿದ್ದರು, ತಾಯಿ ಮಗಳಿದ್ದರು. ರಸ್ತೆ ಎಲ್ಲಿ ಮುಗಿದು ಕಾಲುವೆ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣದಷ್ಟು ನೀರು. ಅಂದಿನಿಂದ ಆಕಾಶ ಕಪ್ಪಾದರೆ ನಮ್ಮ ಬೀದಿಯ ಹೆಂಗಸರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗಿ ಒಳಗೆ ಕರೆಯುತ್ತಾರೆ.

ಅಂಥದೇ ಒಂದು ಸಂಜೆ ಏಳರ ಸುಮಾರಿಗೆ ಹುಡುಗನಿಗೆ ಪೀಣ್ಯದ ಗೋದಾಮೊಂದರಿಂದ ಫೋನು ಬಂತು. "ನಮ್ಮ ಟೆಂಪೊ ಇಪ್ಪತ್ತು ನಿಮಿಷದಿಂದ ನಿಂತಲ್ಲೇ ನಿಂತಿದೆ. ಡ್ರೈವರು ದಾರಿ ಸರಿಯಿಲ್ಲ ಅಂತಾನೆ. ನಿಮ್ಮ ಆಪ್ ಕೆಟ್ಟಿದೆಯಾ, ಇಲ್ಲಾ ಅವನು ಕಳ್ಳಾಟ ಆಡ್ತಿದಾನಾ?" ಹುಡುಗ ಪರೀಕ್ಷಿಸಿದ. ಆಪ್ ಸರಿಯಿದೆ, ಉಪಗ್ರಹದ ಸಂಕೇತ ಬರುತ್ತಿದೆ, ನಕ್ಷೆಯ ಪ್ರಕಾರ ಅದು ರಸ್ತೆಯೇ. ಟೆಂಪೊ ನಿಂತ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿದರೆ, ಅದು ಅವನ ಕಿಟಕಿಯಿಂದ ಎರಡೇ ಬೀದಿ ಕೆಳಗೆ! ಅದೇ ಮಳೆ ಅವನ ಗಾಜಿಗೂ ಹೊಡೆಯುತ್ತಿತ್ತು. ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆಂದು ಇಲ್ಲಿ ಎರಡು ಮಳೆಗಾಲ ಕಂಡ ಅವನಿಗೆ ಗೊತ್ತು. ಆದರೆ ಕೇಳಿದ್ದು ಆಪಿನ ಬಗ್ಗೆ. "ನಮ್ಮ ತಂತ್ರಾಂಶ ಸರಿಯಾಗಿ ಕೆಲಸ ಮಾಡ್ತಿದೆ" ಎಂದ. ನಾಲ್ಕು ನಿಮಿಷದಲ್ಲಿ ಟಿಕೆಟ್ ಮುಚ್ಚಿತು.

ಗೋದಾಮಿನವರು ಆ ಜವಾಬನ್ನೇ ಚಾಲಕನಿಗೆ ದಾಟಿಸಿದರು. ಅವನು ಗಾಡಿಯನ್ನು ನೀರಿಗಿಳಿಸಿದ. ಇಂಜಿನ್ ನಿಂತಿತು, ಕೆಳಗಿನ ಸಾಲಿನ ಪೆಟ್ಟಿಗೆಗಳು ನೆನೆದವು. ಬೀದಿಯ ಜನ ಹಗ್ಗ ಕಟ್ಟಿ ಎಳೆದರು, ನಾವೂ ಒಂದು ಕೈ ಹಾಕಿದೆವು. ಗದ್ದಲ ಕೇಳಿ ಹುಡುಗ ಕೊಡೆ ಹಿಡಿದು ಇಳಿದು ಬಂದ. ಗಾಡಿಯ ನಂಬರು ನೋಡಿದ. ನೆರೆಮನೆಯ ಜಗುಲಿಯ ಮೇಲೆ ಚಾಲಕ ಟೀ ಕುಡಿಯುತ್ತ, ನಷ್ಟವನ್ನು ತನ್ನ ಪಗಾರದಿಂದ ಹಿಡಿಯುತ್ತಾರೆಂದು ಹೇಳುತ್ತಿದ್ದರೆ ಇವನು ಕಂಬದ ಹಾಗೆ ನಿಂತಿದ್ದ. ಎಲ್ಲ ಹೋದ ಮೇಲೆ ನಮ್ಮ ಹತ್ತಿರ, "ಸರ್, ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ" ಎಂದ.

ಈ ಮಾತು ನಮ್ಮನ್ನು ಬಿಟ್ಟಿಲ್ಲ. ನಿಜ ಹೇಳಿದರೆ ಸಾಕೇ? ಹೊಳೆದಂಡೆಯಲ್ಲಿ ಕೂತವನನ್ನು ದಾರಿಹೋಕನೊಬ್ಬ 'ಆಚೆ ಊರಿಗೆ ದಾರಿ ಇದೇ ತಾನೆ?' ಎಂದು ಕೇಳುತ್ತಾನೆ. ಸೇತುವೆ ಮುರಿದದ್ದನ್ನು ಬಲ್ಲ ಇವನು 'ಹೌದು, ಇದೇ' ಅನ್ನುತ್ತಾನೆ. ಸುಳ್ಳಲ್ಲ. ಆದರೂ ಇವನನ್ನು ಸತ್ಯವಂತ ಎಂದು ನಾವ್ಯಾರೂ ಕರೆಯುವುದಿಲ್ಲ. (ನಮ್ಮ ದಾದಿ ಇಂಥವರಿಗೆ ದಖನಿಯಲ್ಲಿ ಒಂದು ಹೆಸರಿಟ್ಟಿದ್ದರು, ಪತ್ರಿಕೆಯಲ್ಲಿ ಅಚ್ಚು ಮಾಡುವಂಥದಲ್ಲ.) ಪ್ರಶ್ನೆಯನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಉತ್ತರಿಸಿ, ಕೇಳಿದವನ ಅಗತ್ಯವನ್ನು ದಂಡೆಯ ಮೇಲೇ ಬಿಟ್ಟುಬಿಡುವ ಉತ್ತರ ಅದು.

ಹಾಗೆಂದು ಎಲ್ಲವನ್ನೂ ಈ ಹುಡುಗನ ತಲೆಗೆ ಕಟ್ಟುವುದು ನ್ಯಾಯವೇ? ಗೋದಾಮಿನವರು ಮಳೆಯ ಬಗ್ಗೆ ಕೇಳಲಿಲ್ಲ. ಚಾಲಕ ಹೋಗುವುದಿಲ್ಲ ಎನ್ನಬಹುದಿತ್ತು, ಎಂದರೆ ನಾಳೆಯ ಕೆಲಸ ಇರುತ್ತಿತ್ತೋ ಇಲ್ಲವೋ. ನಕ್ಷೆ ಮಾಡಿದವರು, ಕಾಲುವೆಯ ಹೊಣೆ ಹೊತ್ತ ಪಾಲಿಕೆ, ಮನೆಯಲ್ಲಿ ಕೂತು ಇಂದೇ ಬೇಕೆಂದ ಗಿರಾಕಿ, ಎಲ್ಲರೂ ಇದ್ದಾರೆ. ಅದೇ 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ನೆರೆಗೆ ಒಂದು ಭಾಗ ಕೊಚ್ಚಿಹೋಗಿದ್ದ ರಾಮಗಂಗಾ ಸೇತುವೆಯ ಮೇಲಿಂದ ಕಾರು ಬಿದ್ದು ಮೂವರು ಸತ್ತರು. ಮೊಬೈಲಿನ ನಕ್ಷೆ ದಾರಿ ತೋರಿಸಿತ್ತು, ಅಡ್ಡಗಟ್ಟೆ ಇರಲಿಲ್ಲ. ಪೊಲೀಸ್ ದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಜೊತೆಗೆ ನಕ್ಷೆಯ ಕಂಪನಿಯ ಅಧಿಕಾರಿಯೊಬ್ಬರನ್ನೂ ಸೇರಿಸಲಾಯಿತು, ಹೆಸರಿಲ್ಲದೆ. ಯಾರೆಂದು ಬರೆಯುವುದು? ಹೊಣೆಯನ್ನು ಅಷ್ಟೊಂದು ಜನರಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವ ತುಣುಕು ಎಷ್ಟು ಸಣ್ಣದೆಂದರೆ, ನೀರಿಲ್ಲದೆಯೂ ನುಂಗಬಹುದು.

ಈ ದಾರಿಯ ಲೆಕ್ಕ ಹಳೆಯದು. 1959ರಲ್ಲಿ ಡಾಂಟ್ಸಿಗ್ ಮತ್ತು ರಾಮ್ಸರ್ ಎಂಬಿಬ್ಬರು ಅಮೆರಿಕದಲ್ಲಿ, ಒಂದು ಡಿಪೊದಿಂದ ಹಲವು ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರುಗಳನ್ನು ಕಡಿಮೆ ದೂರದಲ್ಲಿ ಹೇಗೆ ಓಡಿಸುವುದು ಎಂದು ಲೇಖನ ಬರೆದರು. ಕೇಳಲು ಸುಲಭ. ಹತ್ತೇ ಮನೆಗಳಿದ್ದರೂ ಅವುಗಳನ್ನು ಸುತ್ತುವ ಕ್ರಮಗಳು 36,28,800. ಹದಿನೈದು ಮನೆಗಳಾದರೆ ಒಂದು ಲಕ್ಷ ಮೂವತ್ತು ಸಾವಿರ ಕೋಟಿಗೂ ಹೆಚ್ಚು. ಆದ್ದರಿಂದ ನೂರಾರು ಮನೆಗಳ ಲೆಕ್ಕದಲ್ಲಿ ಇಂಥ ತಂತ್ರಾಂಶ ಎಲ್ಲಕ್ಕಿಂತ ಒಳ್ಳೆಯ ದಾರಿಗಾಗಿ ಕಾಯುವುದಿಲ್ಲ. ಇದ್ದುದರಲ್ಲಿ ವಾಸಿ ಎನಿಸಿದ್ದನ್ನು ಹಿಡಿದು ಕೊಡುತ್ತದೆ. ಒಳಗೆ ಅದು ಅಂದಾಜು. ಚಾಲಕನ ಮೊಬೈಲಿಗೆ ಇಳಿಯುವಾಗ ಅಪ್ಪಣೆ. ನಡುವೆ ಎಲ್ಲೋ ಅಂದಾಜು ಅಪ್ಪಣೆಯಾಗಿಬಿಡುತ್ತದೆ. ಆ 'ಎಲ್ಲೋ' ಎಂಬಲ್ಲಿ ಕೂತಿರುವವನೇ ನಮ್ಮ ಮಾಳಿಗೆಯ ಹುಡುಗ.

ಅವನು ಇನ್ನೊಂದು ಸಂಗತಿ ಹೇಳಿದ. ತಂತ್ರಾಂಶದಲ್ಲಿ 'ಸರ್ವಿಸ್ ಟೈಮ್' ಎಂಬ ಖಾನೆಯಿದೆ. ಗಾಡಿ ನಿಂತ ಮೇಲೆ ಸಾಮಾನು ಕೊಟ್ಟು ಮತ್ತೆ ಹತ್ತಲು ಎಷ್ಟು ಹೊತ್ತು? ಅವರ ತಂತ್ರಾಂಶ ಅದನ್ನು ತಾನಾಗಿ ಕಂಡುಹಿಡಿಯುವುದಿಲ್ಲ, ಯಾರೋ ತುಂಬಬೇಕು. ಆ ಕಂಪನಿಗೆ ತಂತ್ರಾಂಶ ಜೋಡಿಸಿಕೊಡುವಾಗ ಎಷ್ಟು ಹಾಕಲಿ ಎಂದು ಇವನೇ ಕೇಳಿದ್ದನಂತೆ. "ಮೂರು ಹಾಕ್ರೀ" ಎಂದರು. ಯಾಕೆ ಮೂರು ಎಂದು ಇವನು ಕೇಳಲಿಲ್ಲ, ಅವರೂ ಯೋಚಿಸಿದಂತಿರಲಿಲ್ಲ. ನಮ್ಮ ಮನೆಗೆ ಮೂರು ಅಂತಸ್ತು, ಲಿಫ್ಟಿಲ್ಲ; ಅಮ್ಮಿಗೆ ಕನ್ನಡಕ ಸಿಗಲು ಐದು ನಿಮಿಷ ಬೇಕು, ಚಿಲ್ಲರೆ ಹುಡುಕಲು ಇನ್ನೈದು. ದಿನಕ್ಕೆ ಐವತ್ತು ಮನೆ ಎಂದರೆ, ಮನೆಗೆ ಎರಡೇ ನಿಮಿಷ ಹೆಚ್ಚಾದರೂ ನೂರು ನಿಮಿಷ. ಆ ನೂರು ನಿಮಿಷ ಚಾಲಕನ ಊಟದಿಂದ, ನಿದ್ದೆಯಿಂದ, ಶುಕ್ರವಾರದ ನಮಾಜಿನಿಂದ ಬರಬೇಕು. ಒಂದು ಖಾನೆಯಲ್ಲಿ ಕೂತ ಮೂರು ಎಂಬ ಅಂಕಿ!

ತಂತ್ರಾಂಶಕ್ಕೆ ದಯೆ ಕಲಿಸಲಾಗದು ಎನ್ನುವವರನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಯುರೋಪಿನ ಕಾನೂನಿನಲ್ಲಿ ಭಾರಿ ವಾಹನದ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕಡ್ಡಾಯ. ಅದನ್ನು ಲೆಕ್ಕಕ್ಕೆ ಸೇರಿಸುವುದನ್ನು ಅಲ್ಲಿಯ ತಂತ್ರಾಂಶಗಳು ಕಲಿತಿವೆ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು ಬರೆದಿತ್ತು. ಹುಡುಗನ ತಂತ್ರಾಂಶದಲ್ಲಿ ವಿರಾಮಕ್ಕೂ ಒಂದು ಖಾನೆಯಿದೆ. ಆ ಗಿರಾಕಿ ಅದನ್ನು ಖಾಲಿ ಬಿಟ್ಟಿದ್ದಾರೆ.

ಹಳೆಯ ಕಾಲ ಚೆನ್ನಾಗಿತ್ತು ಎಂದು ಹೇಳಲು ಹೊರಟಿಲ್ಲ. ನಮ್ಮ ಮಾಮು ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಿಂದ ಮಟಡೋರಿನಲ್ಲಿ ಅಕ್ಕಿ ಬೇಳೆ ಹೊತ್ತು ಅಂಗಡಿಗಳಿಗೆ ಹಾಕುತ್ತಿದ್ದರು. ದಾರಿಯೆಲ್ಲ ಅವರ ತಲೆಯಲ್ಲೇ. ಒಬ್ಬ ವಿಧವೆಯ ಅಂಗಡಿಗೆ, ಸುತ್ತಾದರೂ, ಮೊದಲು ಇಳಿಸುತ್ತಿದ್ದರು. ಆಕೆ ಮಗುವನ್ನು ಶಾಲೆಗೆ ಬಿಡುವ ಮುನ್ನ ಮೂಟೆ ಒಳಗಿಡಬೇಕಿತ್ತು. ಇದನ್ನು ಯಾವ ತಂತ್ರಾಂಶ ಬಲ್ಲುದು? ಆದರೆ ಟೀಗೆ ಕಾಸು ಕೊಡದ ಅಂಗಡಿಯವನ ಸಾಮಾನನ್ನು ಬೇಕೆಂದೇ ಸಂಜೆಗೆ ತಳ್ಳುತ್ತಿದ್ದವರೂ ಅದೇ ಮಾಮು. ಯಂತ್ರಕ್ಕೆ ಈ ಸಣ್ಣತನವಿಲ್ಲ. ಒಂದೇ ವ್ಯತ್ಯಾಸ: ಆ ಅಂಗಡಿಯವನು ಮಾಮುವಿನ ಕೊರಳಪಟ್ಟಿ ಹಿಡಿದು ಯಾಕೋ ಎಂದು ಕೇಳಬಹುದಿತ್ತು. ಒಮ್ಮೆ ಹಿಡಿದೂ ಇದ್ದ.

ಈಗ ಕೊರಳಪಟ್ಟಿ ಎಲ್ಲಿದೆ ಎಂಬುದನ್ನು ಕಾನೂನೂ ಹುಡುಕುತ್ತಿದೆ. ವೇದಿಕೆ ಆಧಾರಿತ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ಮೊದಲು ಸುಗ್ರೀವಾಜ್ಞೆ, ಅನಂತರ ಕಾಯ್ದೆ ತಂದಿತು. ತಮ್ಮ ದುಡಿಮೆಯನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ತಿಳಿಯುವ ಹಕ್ಕನ್ನು ಅದು ಕೆಲಸಗಾರರಿಗೆ ಕೊಟ್ಟಿದೆ; ಕಾರಣ ಬರೆದು ತಿಳಿಸದೆ, 14 ದಿನಗಳ ನೋಟಿಸಿಲ್ಲದೆ ಅವರನ್ನು ತೆಗೆದುಹಾಕುವಂತಿಲ್ಲ ಎಂದಿದೆ. ಒಳ್ಳೆಯದೇ. ಆದರೆ ಆ ಟೆಂಪೊ ಚಾಲಕ ಗಿಗ್ ಕಾರ್ಮಿಕನಲ್ಲ, ಗುತ್ತಿಗೆದಾರನ ಹತ್ತಿರ ತಿಂಗಳ ಪಗಾರದವನು. ಕೇಳುವ ಹಕ್ಕು ಅವನಿಗೂ ಬಂತೆಂದೇ ಇಟ್ಟುಕೊಳ್ಳೋಣ. ಅವನು ಕೇಳಿದಾಗ ಈ ಕಡೆಯಿಂದ 'ತಂತ್ರಾಂಶ ಸರಿಯಾಗಿದೆ' ಎಂಬ ಜವಾಬೇ ಹೋದರೆ?

ಶಾಲೆಯಲ್ಲಿ ನಾವು ಉರ್ದುವನ್ನೂ ಕನ್ನಡವನ್ನೂ ಕಲಿತವರು. ಮನೆಯಲ್ಲಿ ಹೊಣೆಗೆ ಜಿಮ್ಮೇದಾರಿ ಎನ್ನುತ್ತಿದ್ದೆವು. ಕನ್ನಡ ಮೇಷ್ಟರು ಜವಾಬ್ದಾರಿ ಎಂದರು. ಅದರ ಕೊನೆಯ 'ದಾರಿ'ಯನ್ನು ರಸ್ತೆ ಎಂದೇ ತಿಳಿದು, ಜವಾಬು ಹೋಗುವ ದಾರಿ ಇರಬೇಕು ಅಂದುಕೊಂಡಿದ್ದೆವು. ಮೇಷ್ಟರು ನಕ್ಕು ತಿದ್ದಿದರು. ಜವಾಬನ್ನು ಹಿಡಿದಿರುವವನೇ ಜವಾಬ್ದಾರ. ಮಾಡಿದವನು ಎಂದಾಗಲಿ, ಒಡೆಯ ಎಂದಾಗಲಿ ಆ ಪದ ಹೇಳುವುದಿಲ್ಲ. ಯಾರ ಹತ್ತಿರ ಉತ್ತರವಿದೆಯೋ ಅವನು. ಆ ಸಂಜೆ ಗೋದಾಮಿನವನ ಹತ್ತಿರ, ಗುತ್ತಿಗೆದಾರನ ಹತ್ತಿರ, ಯಂತ್ರದ ಹತ್ತಿರ ಅದು ಇರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಒಬ್ಬನ ಹತ್ತಿರ ಮಾತ್ರ ಇತ್ತು. ಅವನ ಸಂಬಳ ಚಿಕ್ಕದು, ಅಧಿಕಾರ ಇನ್ನೂ ಚಿಕ್ಕದು, ನಿಜ. 'ಅಲ್ಲಿ ನೀರು ನಿಂತಿರುತ್ತೆ, ಸುತ್ತಿ ಹೋಗೋಕೆ ಹೇಳಿ' ಎನ್ನಲು ಬೇಕಾದದ್ದು ಒಂದು ಉಸಿರು.

ಇದನ್ನು ಅವನಿಗೆ ಹೀಗೆಯೇ ಹೇಳಿದೆವು. ಕೇಳಿ ಸುಮ್ಮನಾದ. ಎರಡು ದಿನ ಬಿಟ್ಟು ಒಂದು ಮದುವೆ ಕಾಗದದ ಹಿಂಬದಿ ತಂದು, ಮಳೆ ಬಂದರೆ ನೀರು ನಿಲ್ಲುವ ಬೀದಿಗಳನ್ನು ಗುರುತು ಹಾಕಿಕೊಡಿ ಎಂದ. ನಮಗಿಂತ ನೆರೆಮನೆಯ ಹೆಂಗಸರಿಗೆ ಹೆಚ್ಚು ಗೊತ್ತಿತ್ತು. ಯಾವ ಮೋರಿ ಮೊದಲು ಉಕ್ಕುತ್ತದೆ ಎಂಬ ಬಗ್ಗೆ ಅವರಲ್ಲೇ ಸಣ್ಣ ಜಗಳವೂ ಆಯಿತು. ಹಾದುಹೋಗಬಾರದ ಜಾಗವೆಂದು ನಕ್ಷೆಯ ಮೇಲೆ ಗೆರೆ ಕೊರೆಯುವ ಸವಲತ್ತು ತಂತ್ರಾಂಶದಲ್ಲಿ ಮೊದಲಿಂದಲೂ ಇತ್ತಂತೆ. ಅವನು ತನ್ನ ಹೆಸರಿನಲ್ಲೇ ಒಂದು ಟಿಕೆಟ್ ತೆರೆದು ಗಿರಾಕಿ ಕಂಪನಿಗೆ ಕಳಿಸಿದ. ಸುತ್ತಿ ಹೋದರೆ ಗಾಡಿಗೆ ಎಷ್ಟು ಕಿಲೋಮೀಟರ್ ಹೆಚ್ಚು ಎಂದು ಅವರು ಕೇಳಿದರು. ಒಂದೂವರೆ ಎಂದು ಬರೆದ. ನೋಡೋಣ ಎಂದಿದ್ದಾರೆ.

ಆ ಟಿಕೆಟನ್ನು ಅವನು ಮುಚ್ಚಿಲ್ಲ. ಪ್ರತಿ ವಾರ ಮೇಲಧಿಕಾರಿ ಯಾಕೆ ಎಂದು ಕೇಳುತ್ತಾರಂತೆ. ಮೊನ್ನೆ ಮೋಡ ಕವಿದಾಗ ಮಾಳಿಗೆಯಿಂದ ಕೂಗಿ ಕೇಳಿದ, "ಸರ್, ಕೆಳಗಿನ ಬೀದೀಲಿ ನೀರು ಬಂತಾ?" ನಾವು ಚಪ್ಪಲಿ ಮೆಟ್ಟಿ ತಿರುವಿನವರೆಗೆ ಹೋಗಿ ನೋಡಿ ಬಂದು, ಇನ್ನೂ ಇಲ್ಲ ಎಂದೆವು.