ಬಿಡುಗಡೆಯಾಗದ ಅಂಚೆಚೀಟಿಗಳು

ಅಂಚೆಚೀಟಿಯೆಂಬುದು ಒಂದು ವಾಗ್ದಾನ. ಕಾಗದವನ್ನು ವಿಳಾಸದಾರನಿಗೆ ತಲುಪಿಸುವೆನೆಂದು ಪ್ರಭುತ್ವವು ಮುಂಗಡವಾಗಿ ಹಣ ಪಡೆದು ಕೊಟ್ಟ ಮಾತು ಅದು. ಹಾಗಿದ್ದರೆ, ಅಚ್ಚಾಗಿಯೂ ಬಿಡುಗಡೆಯಾಗದೆ ಉಳಿದ ಚೀಟಿಯನ್ನು ಏನೆನ್ನಬೇಕು? ಯಾರಿಗೂ ಕೊಡದ ಮಾತನ್ನು ಅಳಿಸಿಹಾಕಿದರೆ ಯಾರಿಗಾದರೂ ಅನ್ಯಾಯವಾದೀತೆ? ಬಾಲ್ಯದಿಂದಲೂ ಚೀಟಿ ಸಂಗ್ರಹಿಸುತ್ತ ಬಂದ ನನ್ನನ್ನು ಈ ಪ್ರಶ್ನೆ ಇಳಿವಯಸ್ಸಿನಲ್ಲಿ ಕಾಡತೊಡಗಿದೆ. ಅದಕ್ಕೊಂದು ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ನನ್ನ ಸಂಗ್ರಹದಲ್ಲಿ ನಮ್ಮ ಅಜ್ಜನವರ ಹೆಸರಿಗೆ ಮಂಗಳೂರಿನಿಂದ ಬಂದ, 1936ರ ನವೆಂಬರ್ ತಿಂಗಳ ಮುದ್ರೆಯುಳ್ಳ ಲಕೋಟೆಯೊಂದಿದೆ. ಅಂದು ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಲಕೋಟೆಯ ಮೇಲಿರುವುದು ಐದನೆಯ ಜಾರ್ಜ್ ದೊರೆಯ ಮುಖ. ಆತ ತೀರಿಕೊಂಡು ಅದಾಗಲೇ ಹತ್ತು ತಿಂಗಳಾಗಿತ್ತು. ಸಿಂಹಾಸನದಲ್ಲಿದ್ದವನು ಆತನ ಹಿರಿಯ ಮಗ ಎಂಟನೆಯ ಎಡ್ವರ್ಡ್. 1936ರ ಜನವರಿ 20ರಂದು ದೊರೆಯಾದ ಆತ, ವಾಲಿಸ್ ಸಿಂಪ್ಸನ್ ಎಂಬಾಕೆಯನ್ನು ವರಿಸುವ ಸಲುವಾಗಿ ಅದೇ ಡಿಸೆಂಬರ್ 11ರಂದು ಪದತ್ಯಾಗ ಮಾಡಿದ. ಆತನ ಮುಖವುಳ್ಳ ಚೀಟಿ ಭಾರತದಲ್ಲಿ ಹೊರಬರಲೇ ಇಲ್ಲ. ಭಾರತದ ಚಕ್ರವರ್ತಿಯೆನಿಸಿದ್ದವನನ್ನು ನಮ್ಮ ಹಿರಿಯರು ಒಂದು ಕಾಗದದ ಮೇಲೂ ಕಾಣಲಿಲ್ಲ.

ಬ್ರಿಟನ್ನಿನಲ್ಲಿ ಮಾತ್ರ ಆ ಸೆಪ್ಟೆಂಬರ್ ತಿಂಗಳಲ್ಲಿ ನಾಲ್ಕು ಚೀಟಿಗಳು ಹೊರಬಂದವು: ಅರ್ಧ, ಒಂದು, ಒಂದೂವರೆ ಮತ್ತು ಎರಡೂವರೆ ಪೆನ್ನಿಯವು. ದೊರೆಯ ಮುಖ, ಕಿರೀಟ, ಬೆಲೆ; ಇಷ್ಟೇ. ಇಂತಹ ಸರಳ ರೂಪವನ್ನು ಅಂಚೆ ಇಲಾಖೆಗೆ ಸೂಚಿಸಿ ಬರೆದವನು ಬ್ರೌನ್ ಎಂಬ ಹದಿಹರೆಯದ ಹುಡುಗ. ಮೊದಲು ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಸೂಚನೆ ಅವನದೆಂದು ಇಲಾಖೆ ಒಪ್ಪಿಕೊಂಡದ್ದು ಆಮೇಲೆ. ಜೀವಮಾನವೆಲ್ಲ ಹುಡುಗರ ನಡುವೆ ಕಳೆದ ನನಗೆ ದೊರೆಯ ಪ್ರಣಯಕ್ಕಿಂತ ಈ ಹುಡುಗನ ಸಂಗತಿಯೇ ಹೆಚ್ಚು ಆಪ್ತವೆನಿಸುತ್ತದೆ. ದೊರೆ ಹೊರಟುಹೋದ ಮೇಲೂ ಈ ನಾಲ್ಕು ಚೀಟಿಗಳು ಚಲಾವಣೆಯಲ್ಲಿದ್ದವು. ವ್ಯಕ್ತಿ ಮಾತು ತಪ್ಪಿದರೂ ಪ್ರಭುತ್ವ ತಪ್ಪಲಿಲ್ಲವೆಂಬುದನ್ನು ಮೆಚ್ಚಲೇಬೇಕು.

ಆದರೆ ತೆರೆಯ ಹಿಂದೆ ಇನ್ನಷ್ಟು ಸಿದ್ಧವಾಗುತ್ತಿತ್ತು. 1937ರ ಮೇ 12ಕ್ಕೆ ಪಟ್ಟಾಭಿಷೇಕ ನಿಶ್ಚಯವಾಗಿ, ಅದಕ್ಕೆಂದೇ ಚೀಟಿಯ ವಿನ್ಯಾಸಗಳು ತಯಾರಾಗಿದ್ದವು. ಅದೇ ದಿನ ಪಟ್ಟಾಭಿಷೇಕವೇನೋ ನಡೆಯಿತು, ತಮ್ಮನಾದ ಆರನೆಯ ಜಾರ್ಜ್‌ನಿಗೆ. ನಾಣ್ಯಗಳ ಕಥೆ ಇನ್ನೂ ವಿಚಿತ್ರ. ಒಬ್ಬ ದೊರೆ ಎಡಕ್ಕೆ ಮುಖಮಾಡಿದ್ದರೆ ಮುಂದಿನವನು ಬಲಕ್ಕೆ ಎಂಬುದು ಅಲ್ಲಿಯ ನಾಣ್ಯಗಳ ಸಂಪ್ರದಾಯ. ತನ್ನ ಬೈತಲೆ ಕಾಣುವ ಎಡಮಗ್ಗುಲೇ ಬೇಕೆಂದು ಎಡ್ವರ್ಡ್ ಹಟ ಹಿಡಿದ. ನಾಣ್ಯ ಚಲಾವಣೆಗೆ ಬರಲಿಲ್ಲ. ಆದರೂ ತಮ್ಮನ ನಾಣ್ಯವನ್ನು ಟಂಕಿಸುವಾಗ, ಅಣ್ಣನು ಬಲಕ್ಕೆ ಮುಖಮಾಡಿದ್ದನೆಂದೇ ಭಾವಿಸಿ ತಮ್ಮನನ್ನು ಎಡಕ್ಕೆ ತಿರುಗಿಸಿದರು. ಆತ ಬೇಡವೆಂದದ್ದನ್ನೂ ಆಗದೇ ಹೋದದ್ದನ್ನೂ ಆಗಿದೆಯೆಂದು ಲೆಕ್ಕಕ್ಕೆ ಹಿಡಿದ ಈ ಸಂಪ್ರದಾಯಶರಣತೆ ನಗೆ ತರಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ನಡೆದುದು ನಗುವ ಸಂಗತಿಯಲ್ಲ. ಅಲ್ಲಿ ಎಡ್ವರ್ಡನ ಎರಡು ಪೆನ್ನಿಯ ಚೀಟಿ ಭಾರೀ ಸಂಖ್ಯೆಯಲ್ಲಿ ಅಚ್ಚಾಗಿತ್ತು. ಪದತ್ಯಾಗದ ವಾರ್ತೆ ಬಂದೊಡನೆ ಎಲ್ಲವನ್ನೂ ನಾಶಪಡಿಸಿದರು. ಉಳಿದುವು ಆರು ಮಾತ್ರ. ಅಚ್ಚುಕೂಟವನ್ನು ನೋಡಲು ಬಂದಿದ್ದ ವಿಕ್ಟೋರಿಯಾ ಪ್ರಾಂತ್ಯದ ಗವರ್ನರ್ ಲಾರ್ಡ್ ಹಂಟಿಂಗ್‌ಫೀಲ್ಡ್ ಅವರು ಹಾಳೆಯೊಂದಕ್ಕೆ ಸಹಿ ಹಾಕಿ, ಅದರಿಂದ ಆರು ಚೀಟಿಗಳನ್ನು ಪಡೆದು ಇಂಗ್ಲೆಂಡಿಗೆ ಕಳುಹಿಸಿಬಿಟ್ಟಿದ್ದರು. ಬಿಡುಗಡೆಗೆ ಮುನ್ನ ಚೀಟಿ ಕೈಬಿಟ್ಟುಹೋಗುವುದು ಕ್ರಮವಲ್ಲ. ನಿಯಮಪಾಲನೆಯನ್ನು ಬೋಧಿಸುತ್ತಲೇ ಮುದುಕನಾದ ನಾನು, ಒಂದು ಅಕ್ರಮದಿಂದ ಅವು ಉಳಿದುವೆಂದು ಹಿಗ್ಗುವುದು ಸರಿಯೆ? ಸರಿಯೋ ತಪ್ಪೋ, ಹಿಗ್ಗುತ್ತೇನೆ.

ನಾಶಪಡಿಸಿದವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಚೀಟಿಯೆಂದರೆ ಹಣಕ್ಕೆ ಸಮಾನ. ಹಾಗೆಯೇ ಬಿಟ್ಟರೆ ಕಳ್ಳಕೈಗಳಿಗೆ ಸಿಕ್ಕೀತು. ಯಾರಿಗೂ ಮಾತು ಕೊಟ್ಟಿರಲಿಲ್ಲವಾದ್ದರಿಂದ ವಚನಭಂಗವೂ ಇಲ್ಲ. ಕೆತ್ತಿದವನಿಗೆ ಕೂಲಿ ಸಂದಿದೆ. ಕರ್ಮವಷ್ಟೇ ನಿನ್ನದು, ಫಲ ನಿನ್ನದಲ್ಲವೆಂಬ ಗೀತೆಯ ಬೋಧೆಯನ್ನೂ ಯಾರಾದರೂ ಮುಂದಿಟ್ಟಾರು. ನನ್ನ ತಕರಾರು ಇರುವುದು ಇಲ್ಲಿಯೇ. ಫಲತ್ಯಾಗವನ್ನು ಮಾಡಬೇಕಾದವನು ಕರ್ತೃ. ಅವನ ಪರವಾಗಿ ನಾವು ತ್ಯಾಗ ಮಾಡಿದರೆ ಅದು ತ್ಯಾಗವಲ್ಲ, ಅಪಹರಣ. ಚೀಟಿಯನ್ನು ಬಿಡುಗಡೆ ಮಾಡದಿರುವ ಅಧಿಕಾರ ಪ್ರಭುತ್ವಕ್ಕೆ ಇತ್ತು. ಎಡ್ವರ್ಡ್ ದೊರೆಯಲ್ಲದ ಮೇಲೆ ಬಿಡುಗಡೆ ಮಾಡುವುದೇ ಸುಳ್ಳಾಗುತ್ತಿತ್ತು. ಆದರೆ ತಡೆಹಿಡಿಯುವುದು ಬೇರೆ, ಇಲ್ಲವಾಗಿಸುವುದು ಬೇರೆ. ಕೋಟಿ ಚೀಟಿಗಳನ್ನು ಸುಡಲಿ; ಹತ್ತು ಹಾಳೆಗಳನ್ನು ಬೀಗ ಹಾಕಿ ಇಡಬಾರದಿತ್ತೆ? ಬ್ರಿಟನ್ನಿನ ಅಂಚೆ ಇಲಾಖೆ ತನ್ನ ಅಪ್ರಕಟಿತ ವಿನ್ಯಾಸಗಳನ್ನು ಹಾಗೆ ಇಟ್ಟುಕೊಂಡದ್ದರಿಂದಲೇ ಅವನ್ನು ಇಂದಿಗೂ ನೋಡಬಹುದು. ಗಡಿನಾಡಿನ ಓದುಗರಿಗೆ ಇಲ್ಲಿ 1967ರ ಮಹಾಜನ ವರದಿ ನೆನಪಾದರೆ ಆಶ್ಚರ್ಯವಿಲ್ಲ. ಜಾರಿಗೆ ಬರದಿದ್ದರೂ ಅದು ಓದಲಾದರೂ ಸಿಗುತ್ತದೆ.

ಇನ್ನು ನನ್ನ ಅರಿಕೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಪ್ರತಿವರ್ಷ ಕೈಬರಹದ ಪತ್ರಿಕೆಯೊಂದು ಹೊರಡುತ್ತಿತ್ತು. ಆಯ್ಕೆಯಾಗದ ಬರಹಗಳನ್ನು ಕಪಾಟಿನಲ್ಲಿ ಕಟ್ಟಿಡುತ್ತಿದ್ದೆ. ನಿವೃತ್ತಿಯ ವಾರದಲ್ಲಿ, ಬರುವವರಿಗೆ ಕೋಣೆ ಚೊಕ್ಕಟವಾಗಿರಲೆಂದು, ಅಷ್ಟೂ ಕಟ್ಟುಗಳನ್ನು ಗುಜರಿಯವನಿಗೆ ಕೊಟ್ಟೆ. ಎರಡು ವರ್ಷಗಳ ಬಳಿಕ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. "ಮಾಷ್ಟ್ರೇ, ಒಂಬತ್ತನೆಯಲ್ಲಿ ನಾನೊಂದು ಕತೆ ಬರೆದು ಕೊಟ್ಟಿದ್ದೆ, ನೀವು ಹಾಕಲಿಲ್ಲ. ಅದು ಉಂಟಾ? ನನ್ನತ್ರ ಪ್ರತಿ ಇಲ್ಲ" ಎಂದಳು. ಆ ಕತೆ ತೀರಿಹೋದ ಅವಳ ತಾಯಿಯನ್ನು ಕುರಿತದ್ದು, ನನಗೆ ನೆನಪಿತ್ತು. "ಹುಡುಕುತ್ತೇನೆ ಮಗಾ" ಎಂದೆ. ಮತ್ತೊಮ್ಮೆ ಬಂದಾಗ "ಸಿಕ್ಕಲಿಲ್ಲ" ಎಂದೆ. ಹುಡುಕುವುದಕ್ಕೆ ಏನೂ ಇಲ್ಲವೆಂಬುದನ್ನು ಹೇಳಲಿಲ್ಲ.

ಆಕೆ ಈಗ ಮಂಗಳೂರಿನಲ್ಲಿ ಅಧ್ಯಾಪಿಕೆ; ಈ ಸಮ್ಮೇಳನಕ್ಕೆ ಬರುವವರ ಪಟ್ಟಿಯಲ್ಲಿ ಹೆಸರಿದೆ. ಸ್ಮರಣ ಸಂಚಿಕೆಯ ಒಂದು ಪ್ರತಿ ಅವಳಿಗೂ ಸಿಗುತ್ತದೆ.