ಆವರಣವೂ ಆಕಾರವೂ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿರುವವರು, ದೇಶವಿಭಜನೆಯ ತರುವಾಯ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳವರು. ನೆಲ ಬದಲಾದರೆ ಮನುಷ್ಯನ ಸ್ವರೂಪವೂ ಬದಲಾಗುವುದೇ ಎಂಬ ಪ್ರಶ್ನೆ ಅಲ್ಲಿ ಸಹಜವಾಗಿಯೇ ಏಳುತ್ತದೆ. ಕಾರ್ತಿಕದ ಅಮಾವಾಸ್ಯೆಯ ರಾತ್ರಿ ಅಲ್ಲಿಯ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿದರೆ, ದೀಪಗಳ ಬೆಳಕು ಅಡ್ಡಬಾರದಿದ್ದಲ್ಲಿ, ಮಂಜಿನ ತುಣುಕಿನಂತಹ ಮಸುಕೊಂದು ಕಾಣುವುದು. ಅದು ದೇವಯಾನಿ, ಆಕಾಶಗಂಗೆಯಂತೆಯೇ ಸುರುಳಿಯಾಕಾರದ ಗೆಲಾಕ್ಸಿ. ಅದರ ಬೆಳಕು ಭೂಮಿಯನ್ನು ಮುಟ್ಟಲು ಸುಮಾರು ೨೫ ಲಕ್ಷ ವರ್ಷಗಳು ಬೇಕು.

ಸಂಗದಿಂದ ಅಂಗಗುಣವು ಮಾರ್ಪಡುವುದೆಂದು ಶರಣಮಾರ್ಗವು ಒತ್ತಿ ಹೇಳುತ್ತ ಬಂದಿದೆ. ಗಗನದಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ಅಲನ್ ಡ್ರೆಸ್ಲರ್ ಎಂಬ ಅಮೆರಿಕೆಯ ಖಗೋಳಜ್ಞನು ೫೫ ಗೆಲಾಕ್ಸಿಗುಚ್ಛಗಳನ್ನು ಪರೀಕ್ಷಿಸಿ, ನೆರೆಯ ದಟ್ಟಣೆ ಹೆಚ್ಚಿದಂತೆಲ್ಲ ಸುರುಳಿಗಳು ವಿರಳವಾಗುವುವೆಂದೂ ಅಂಡಾಕಾರದ ಮತ್ತು ಮಸೂರಾಕಾರದ ಗೆಲಾಕ್ಸಿಗಳು ಹೆಚ್ಚುವುವೆಂದೂ ೧೯೮೦ರಲ್ಲಿ ತೋರಿಸಿದನು. ಗುಚ್ಛದೊಳಗೆ ಕೋಟಿಗಟ್ಟಲೆ ಡಿಗ್ರಿಗಳಷ್ಟು ಕಾದ ವಿರಳ ಅನಿಲವು ತುಂಬಿರುತ್ತದೆ. ಅದರೊಳಕ್ಕೆ ರಭಸದಿಂದ ನುಗ್ಗುವ ಸುರುಳಿಯ ಸ್ವಂತ ಅನಿಲವು, ಗಾಳಿಗೆ ತೂರಿದ ಹೊಟ್ಟಿನಂತೆ, ಹಿಂದಕ್ಕೆ ಹಾರಿಹೋಗುತ್ತದೆ. ಅನಿಲವಿಲ್ಲದೆ ಹೊಸ ನಕ್ಷತ್ರಗಳು ಹುಟ್ಟವು. ತೋಳುಗಳು ಕ್ರಮೇಣ ಮಂಕಾಗುವುವು.

ಆದರೆ ನೆರೆಯೆಂದರೆ ಹಾನಿಯೇ ಎಂದು ತಿಳಿಯಬಾರದು. ಎಂ ೫೧ ಎಂಬ ಗೆಲಾಕ್ಸಿಯ ತೋಳುಗಳು ಅಷ್ಟು ನಿಚ್ಚಳವಾಗಿರುವುದಕ್ಕೆ ಪಕ್ಕದ ಚಿಕ್ಕ ಗೆಲಾಕ್ಸಿಯ ಸೆಳೆತವೂ ಕಾರಣವೆನ್ನುತ್ತಾರೆ. ಇನ್ನು ಗೆಲಾಕ್ಸಿಯ ಸ್ವಂತ ದ್ರವ್ಯರಾಶಿ, ಭ್ರಮಣಗಳೂ ಆಕಾರಕ್ಕೆ ಕಾರಣಗಳೇ. ಮಗನು ದಾರಿತಪ್ಪಿದರೆ ಓಣಿಯನ್ನಷ್ಟೇ ದೂರುವ ಗೃಹಸ್ಥರು ಇದನ್ನು ಗಮನಿಸತಕ್ಕದ್ದು.

ಹೊಸಕೋಟೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ಆವರಣದಲ್ಲಿ ಜೋಡಿಸಿದ, ಅತಿನೇರಳೆ ಕಿರಣಗಳನ್ನು ಕಾಣಬಲ್ಲ ದೂರದರ್ಶಕವು ೨೦೧೫ರ ಸೆಪ್ಟೆಂಬರ್ ೨೮ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಅಂತರಿಕ್ಷಕ್ಕೇರಿತು. ಅಬೆಲ್ ೮೫ ಎಂಬ ಗುಚ್ಛದೊಳಕ್ಕೆ ಬೀಳುತ್ತಿರುವ ಜೆಓ ೨೦೧ ಎಂಬ ಗೆಲಾಕ್ಸಿಯನ್ನು ಅದು ನೋಡಿತು. ಆ ಗೆಲಾಕ್ಸಿಯಿಂದ ಕಿತ್ತುಹೋದ ಅನಿಲವು ಬಾಲದಂತೆ ಹಿಂದೆ ಚಾಚಿಕೊಂಡಿದೆ. ಅಚ್ಚರಿಯೆಂದರೆ, ತವರನ್ನು ಕಳೆದುಕೊಂಡ ಆ ಅನಿಲದಲ್ಲಿಯೇ ಅಲ್ಲಲ್ಲಿ ಹೊಸ ನಕ್ಷತ್ರಗಳು ಹುಟ್ಟಿ ಹೊಳೆಯುತ್ತಿವೆ.

ಕಲ್ಯಾಣದಿಂದ ಚದುರಿದ ಶರಣರು ಉಳವಿಯತ್ತ ಸಾಗುವಾಗ ವಚನದ ಕಟ್ಟುಗಳನ್ನು ಹೊತ್ತೊಯ್ದರೆಂದು ಪರಂಪರೆಯು ಹೇಳುತ್ತದೆ. ಕ್ಯಾಂಪಿನವರು ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದರು. ಅವರ ಮನೆಗಳಲ್ಲಿ ಇಂದಿಗೂ ಬಂಗಾಳಿ ಕೇಳಿಬರುತ್ತದೆ. ಸಿಂಧನೂರಿನ ಪೇಟೆಗೆ ಬಂದಾಗ ಅವರ ಮಕ್ಕಳು ಕನ್ನಡದಲ್ಲಿ ಮಾತನಾಡುತ್ತಾರೆ.